ಫ್ರಾಗ್ನಲ್ ಮನೆಯ ವಾರ್ಡುಗಳು, ನೀಲಿ ಬೆಂಚುಗಳ ದಾರಿ

ಗುರುವಾರ, ಲಿಂಕನ್ಸ್ ಇನ್ ಫೀಲ್ಡ್ಸ್

ಮಗಳ ಮನೆ ಲಂಡನ್ನಿನ ಲೂಯಿಶಮ್‌ನಲ್ಲಿದೆ. ಅಲ್ಲಿಂದ ಸಿಡ್‌ಕಪ್ ಅನ್ನುವ ಊರಿಗೆ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ. "ಅಲ್ಲಿ ನೋಡೋಕೆ ಏನೂ ಇಲ್ಲಮ್ಮ, ಸುಮ್ನೆ ಮನೆಗಳು, ಅಂಗಡಿಗಳು" ಅಂದಳು ಮಗಳು. ನನಗೆ ಹಾಗಲ್ಲ. ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ. ನಮ್ಮ ದೊಡ್ಡ ಡಾಕ್ಟ್ರು ರೌಂಡ್ಸಿಗೆ ಬಂದಾಗ ಕಿರಿಯ ಡಾಕ್ಟರುಗಳಿಗೆ ಎರಡು ಹೆಸರು ತಪ್ಪದೆ ಹೇಳುತ್ತಿದ್ದರು. ಒಂದು ಕಾವಸ್‌ಜಿ ಅನ್ನುವ ಮನುಷ್ಯನದ್ದು, ಇನ್ನೊಂದು ಸಿಡ್‌ಕಪ್. ಮುಖ ಕಳೆದುಕೊಂಡವರಿಗೆ ಮುಖ ಕಟ್ಟಿಕೊಡುವ ಕೆಲಸ ಈ ಕಾಲದ ರೂಪಕ್ಕೆ ಬಂದದ್ದು ಸಿಡ್‌ಕಪ್‌ನ ಒಂದು ಜಮೀನ್ದಾರಿ ಮನೆಯ ತೋಟದಲ್ಲಿ. ಆ ಮನೆಯ ಹೆಸರು ಫ್ರಾಗ್ನಲ್ ಹೌಸ್. ಅದನ್ನು ನೋಡದೆ ವಾಪಸ್ ಹೋಗುವುದು ನನ್ನಿಂದ ಆಗದ ಮಾತು.

ಅಲ್ಲಿಗೆ ಹೋಗುವ ಮುಂಚೆ ಆ ಮುಖಗಳನ್ನು ನೋಡಬೇಕು ಅನ್ನಿಸಿತು. ಹಾಗಾಗಿ ಇವತ್ತು ಹಂಟೇರಿಯನ್ ಮ್ಯೂಸಿಯಂಗೆ ಹೋದೆವು. ಇದು ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನವರ ಮ್ಯೂಸಿಯಂ. ಟಿಕೆಟ್ ಇಲ್ಲ. ಗಾಜಿನ ಜಾಡಿಗಳ ಸಾಲು ದಾಟಿಕೊಂಡು ಹೋದರೆ ಹೆನ್ರಿ ಟಾಂಕ್ಸ್ ಬರೆದ ಚಿತ್ರಗಳು ಸಿಗುತ್ತವೆ. ಟಾಂಕ್ಸ್ ಮೊದಲು ಸರ್ಜನ್ ಆಗಿದ್ದವರು. ಆಮೇಲೆ ಚಿತ್ರಕಲೆಗೆ ಹೋಗಿ ಸ್ಲೇಡ್ ಶಾಲೆಯಲ್ಲಿ ಮೇಷ್ಟ್ರಾದರು. ಮೊದಲ ಮಹಾಯುದ್ಧದಲ್ಲಿ ಮುಖಕ್ಕೆ ಗಾಯವಾದ ಸೈನಿಕರನ್ನು ಎದುರು ಕೂರಿಸಿಕೊಂಡು ಬಣ್ಣದ ಕಡ್ಡಿಯಲ್ಲಿ ಅವರ ಮುಖ ಬರೆದರು. ಆಪರೇಷನ್‌ಗೆ ಮುಂಚೆ ಒಂದು, ಆದಮೇಲೆ ಒಂದು.

ಕೆಳದವಡೆ ಪೂರ್ತಿ ಹೋದವನು, ಮೂಗಿನ ಜಾಗದಲ್ಲಿ ಗುಳಿ ಇರುವವನು, ಕೆನ್ನೆ ತೆರೆದು ಹಲ್ಲಿನ ಸಾಲು ಕಾಣುವವನು. ಮಗಳಿಗೆ ತಡೆಯಲಾಗಲಿಲ್ಲ, ಹೊರಗೆ ಪಾರ್ಕಿನಲ್ಲಿ ಕೂರುತ್ತೇನೆ ಎಂದು ಹೋದಳು. ನಾನು ಒಂದೊಂದರ ಮುಂದೆಯೂ ಬಹಳ ಹೊತ್ತು ನಿಂತೆ. ಆ ಕಾಲದ ಫೋಟೋ ಎಲ್ಲ ಕಪ್ಪು ಬಿಳುಪು. ಗಾಯ ಎಲ್ಲಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ, ಗಾಯ ಹೇಗಿದೆ ಅನ್ನುವುದು ಗೊತ್ತಾಗುವುದಿಲ್ಲ. ಟಾಂಕ್ಸ್ ಚಿತ್ರದಲ್ಲಿ ಹಸಿ ಗಾಯದ ಕೆಂಪು ಸರಿಯಾಗಿ ಬಂದಿದೆ. ಎಲ್ಲಿ ಕೀವು ಕಟ್ಟಿದೆ, ಎಲ್ಲಿ ಹೊಸ ಮಾಂಸ ತುಂಬಿಕೊಳ್ಳುತ್ತಿದೆ ಎಂದು ಹೇಳಬಹುದು. ವಾರ್ಡಿನಲ್ಲಿ ಡ್ರೆಸ್ಸಿಂಗ್ ಬಿಚ್ಚಿದಾಗ ನಾವು "ಗ್ರ್ಯಾನ್ಯುಲೇಷನ್ ಚೆನ್ನಾಗಿ ಬಂದಿದೆ", ಅಂದರೆ ಹೊಸ ಮಾಂಸ ಚೆನ್ನಾಗಿ ತುಂಬಿದೆ ಅನ್ನುತ್ತೇವಲ್ಲ, ಅದೇ ಬಣ್ಣ. ಸರ್ಜನ್‌ನ ಕಣ್ಣು ಇಲ್ಲದವರಿಗೆ ಹೀಗೆ ಬರೆಯಲು ಆಗುವುದಿಲ್ಲ.

ಇನ್ನೊಂದು ವಿಷಯ ಮನಸ್ಸಿಗೆ ತಟ್ಟಿತು. ಹೆಚ್ಚಿನವರು ನೇರ ನಮ್ಮನ್ನೇ ನೋಡುತ್ತಾರೆ. ಕಣ್ಣು ತಗ್ಗಿಸಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಇನ್‌ಚಾರ್ಜ್ ಸಿಸ್ಟರ್ ಒಂದು ಮಾತು ಹೇಳಿದ್ದರು. "ಡ್ರೆಸ್ಸಿಂಗ್ ಮಾಡುವಾಗ ಗಾಯ ನೋಡು, ಮಾತಾಡುವಾಗ ಕಣ್ಣು ನೋಡು." ಈ ಚಿತ್ರಗಳ ಮುಂದೆ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಶುಕ್ರವಾರ, ಸಿಡ್‌ಕಪ್

ಬೆಳಿಗ್ಗೆ ಹತ್ತಕ್ಕೆ ಸಿಡ್‌ಕಪ್ ಸ್ಟೇಷನ್ನಿನಲ್ಲಿ ಇಳಿದೆವು. ಬಸ್ಸಿದೆ, ಆದರೆ ನಡೆದೇ ಹೋಗೋಣ ಎಂದೆ. ಆಸ್ಪತ್ರೆಯಿಂದ ಊರಿನ ಕಡೆಗೆ ಬರುವ ರಸ್ತೆಯಲ್ಲೇ ಅಲ್ವಾ ಆ ಬೆಂಚುಗಳಿದ್ದದ್ದು. ಯುದ್ಧದ ಕಾಲದಲ್ಲಿ ಈ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಆ ಬೆಂಚಿನಲ್ಲಿ ಯಾರಾದರೂ ಕೂತಿದ್ದರೆ ಅವರು ಮುಖಕ್ಕೆ ಗಾಯವಾದ ಸೈನಿಕರು, ಹತ್ತಿರ ಹೋಗುವ ಮುಂಚೆ ಮನಸ್ಸು ಗಟ್ಟಿಮಾಡಿಕೊಳ್ಳಿ ಎಂದು ಊರಿನವರಿಗೆ ಸೂಚನೆ. ಸೈನಿಕ ರೋಗಿಗಳ ಬಟ್ಟೆಯೂ ನೀಲಿ, ಕೊರಳಿಗೆ ಕೆಂಪು ಟೈ. ದೂರದಿಂದಲೇ ಗುರುತು ಸಿಗುತ್ತಿತ್ತು.

ಈಗ ಈ ರಸ್ತೆ ಬೇರೆ ಯಾವುದೇ ಲಂಡನ್ ಹೊರವಲಯದ ರಸ್ತೆಯ ಹಾಗೆಯೇ ಇದೆ. ಕಾರು ತೊಳೆಯುವ ಅಂಗಡಿ, ಕಬಾಬ್ ಅಂಗಡಿ, ಶಾಲೆಯ ಮಕ್ಕಳು. ಅರ್ಧ ಗಂಟೆಗೂ ಜಾಸ್ತಿ ನಡೆದ ಮೇಲೆ ಫ್ರಾಗ್ನಲ್ ಅವೆನ್ಯೂ ಬಂತು. ಒಂದು ಕಡೆ ಕ್ವೀನ್ ಮೇರಿ ಆಸ್ಪತ್ರೆ. ಹತ್ತಿರದಲ್ಲೇ ಮರಗಳ ನಡುವೆ ಹಳೆಯ ಇಟ್ಟಿಗೆಯ ದೊಡ್ಡ ಮನೆ, ಸಾಲಾಗಿ ಎತ್ತರದ ಕಿಟಕಿಗಳು. ಅದೇ ಫ್ರಾಗ್ನಲ್ ಹೌಸ್. ಈಗ ಅದು ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ಒಳಗೆ ಇರುವವರು ತಮ್ಮ ಪಾಡಿಗೆ ಬದುಕುತ್ತಿರುವವರು, ನೋಡಲು ಬಂದವರಿಗೆ ಬಾಗಿಲು ತೆಗೆಯುವ ಜಾಗ ಅದಲ್ಲ. ರಸ್ತೆಯಿಂದಲೇ ನೋಡಿದೆವು.

ಈ ಮನೆ ಆಸ್ಪತ್ರೆಯಾದದ್ದರ ಹಿಂದೆ ಒಬ್ಬ ಡಾಕ್ಟರ ಹಠ ಇದೆ. ಹೆರಾಲ್ಡ್ ಗಿಲ್ಲೀಸ್. 1882ರಲ್ಲಿ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಹುಟ್ಟಿದವರು. ಕಿವಿ, ಮೂಗು, ಗಂಟಲು ಡಾಕ್ಟರು. ಗಾಲ್ಫ್ ಆಟದಲ್ಲಿ ಹೆಸರು ಮಾಡಿದವರು. ಯುದ್ಧಕ್ಕೆಂದು ಫ್ರಾನ್ಸಿಗೆ ಹೋದಾಗ ವಲಾಡಿಯೇ ಎಂಬ ದಂತವೈದ್ಯರು ಒಡೆದ ದವಡೆಗಳನ್ನು ಜೋಡಿಸುವುದನ್ನು ನೋಡಿದರು. ಪ್ಯಾರಿಸ್ಸಿನಲ್ಲಿ ಮೋರೆಸ್ಟಿನ್ ಎಂಬ ಸರ್ಜನ್ ಒಬ್ಬ ರೋಗಿಯ ಮುಖದ ಕ್ಯಾನ್ಸರ್ ಗಡ್ಡೆ ತೆಗೆದು, ಪಕ್ಕದ ಚರ್ಮವನ್ನೇ ಎಳೆದು ಮುಚ್ಚಿದ್ದನ್ನು ನೋಡಿದರು. ಅಲ್ಲಿಂದ ಅವರಿಗೆ ಬೇರೆ ಯೋಚನೆಯೇ ಇಲ್ಲ. ವಾಪಸ್ ಬಂದು ಆಲ್ಡರ್‌ಶಾಟ್‌ನ ಸೈನಿಕ ಆಸ್ಪತ್ರೆಯಲ್ಲಿ ಮುಖದ ಗಾಯಕ್ಕೇ ಒಂದು ವಾರ್ಡು ಕೇಳಿ ಪಡೆದರು. ರೋಗಿಗಳು ತಮ್ಮ ಹತ್ತಿರವೇ ಬರಲಿ ಎಂದು ಸ್ವಂತ ದುಡ್ಡಿನಲ್ಲಿ ವಿಳಾಸದ ಚೀಟಿ ಅಚ್ಚು ಹಾಕಿಸಿ ಫ್ರಾನ್ಸಿಗೆ ಕಳಿಸಿದರು. ಗಾಯಾಳುವಿನ ಬಟ್ಟೆಗೆ ಆ ಚೀಟಿ ಕಟ್ಟಿದರೆ ಸಾಕು, ಆತ ಆಲ್ಡರ್‌ಶಾಟ್‌ಗೆ ಬರುತ್ತಿದ್ದ. ಆ ವಾರ್ಡಿನ ನರ್ಸುಗಳಲ್ಲಿ ಕ್ಯಾಥರೀನ್ ಬ್ಲ್ಯಾಕ್ ಅನ್ನುವವರೂ ಇದ್ದರು. ಮುಂದೆ ಇವರೇ ರಾಜ ಐದನೇ ಜಾರ್ಜ್‌ಗೆ ನರ್ಸ್ ಆದದ್ದು.

1916ರ ಜುಲೈ 1ರಂದು ಫ್ರಾನ್ಸಿನಲ್ಲಿ ಸೋಮ್ ಯುದ್ಧ ಶುರುವಾಯಿತು. ಮೊದಲ ದಿನವೇ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,000ಕ್ಕೂ ಜಾಸ್ತಿ. ಗಿಲ್ಲೀಸ್‌ಗೆ 200 ಹಾಸಿಗೆ ಹೆಚ್ಚಿಗೆ ಕೊಟ್ಟಿದ್ದರು. ಬಂದವರು ಸುಮಾರು 2,000 ಮಂದಿ. ಕಂದಕದಲ್ಲಿ ನಿಂತು ಹೋರಾಡುವಾಗ ಮೈಯೆಲ್ಲ ಮಣ್ಣಿನ ಮರೆಯಲ್ಲಿ, ಮೇಲೆ ಕಾಣುವುದು ತಲೆ ಮಾತ್ರ. ಸಿಡಿದ ಶೆಲ್ಲಿನ ಚೂರು ಹೋಗುವುದೂ ಅಲ್ಲಿಗೇ. ಆಲ್ಡರ್‌ಶಾಟ್ ಸಾಲದು, ಬೇರೆಯೇ ಆಸ್ಪತ್ರೆ ಬೇಕು ಎನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು.

ಇತ್ತ ಫ್ರಾಗ್ನಲ್‌ನ ಯಜಮಾನ ರಾಬರ್ಟ್ ಮಾರ್ಷಮ್ ಟೌನ್‌ಶೆಂಡ್ 1914ರಲ್ಲಿ ತೀರಿಕೊಂಡಿದ್ದರು. ಮನೆ ಮಾರಾಟಕ್ಕೆ ಬಂದಿತ್ತು. ಚಾರ್ಲ್ಸ್ ಕೆಂಡರ್‌ಡೈನ್ ಅನ್ನುವವರು ಚಂದಾ ಎತ್ತಿದರು, ರಾಣಿ ಮೇರಿ ಬೆನ್ನಿಗೆ ನಿಂತರು. 1917ರ ಆಗಸ್ಟಿನಲ್ಲಿ ಇಲ್ಲಿ ಕ್ವೀನ್ಸ್ ಹಾಸ್ಪಿಟಲ್ ಶುರುವಾಯಿತು.

ಆ ಯುದ್ಧದಲ್ಲಿ ಇಂಗ್ಲೆಂಡಿನ ದೊಡ್ಡ ಮನೆಗಳು ಆಸ್ಪತ್ರೆಯಾದದ್ದು ಹೊಸ ಸುದ್ದಿಯಲ್ಲ. ಶಾಲೆ, ಸಭಾಂಗಣ, ಬಂಗಲೆ ಎಲ್ಲ ಸೇರಿ 3,000ಕ್ಕೂ ಹೆಚ್ಚು ಸಹಾಯಕ ಆಸ್ಪತ್ರೆಗಳಿದ್ದವು. ಹೆಚ್ಚಿನ ಬಂಗಲೆಗಳಲ್ಲಿ ಆದದ್ದು ಇಷ್ಟೇ: ದಿವಾನಖಾನೆಯ ಕಾರ್ಪೆಟ್ ಸುತ್ತಿ ಮಂಚ ಹಾಕಿದರು, ಮನೆಯ ಹೆಣ್ಣುಮಕ್ಕಳು ಏಪ್ರನ್ ಕಟ್ಟಿದರು, ಯುದ್ಧ ಮುಗಿದಾಗ ಕಾರ್ಪೆಟ್ ಮತ್ತೆ ಹಾಸಿದರು. ಫ್ರಾಗ್ನಲ್‌ನಲ್ಲಿ ಹಾಗಾಗಲಿಲ್ಲ. ಮನೆಯನ್ನು ಆಫೀಸಿಗೆ, ನರ್ಸುಗಳ ವಾಸಕ್ಕೆ ಇಟ್ಟುಕೊಂಡರು. ತೋಟದಲ್ಲಿ ಮರದ ವಾರ್ಡುಗಳನ್ನು ಕುದುರೆ ಲಾಳದ ಆಕಾರಕ್ಕೆ ಎಬ್ಬಿಸಿ, ನಡುವೆ ಆಪರೇಷನ್ ಥಿಯೇಟರು, ಎಕ್ಸ್‌ರೇ ಕೋಣೆ, ಫೋಟೋ ಕೋಣೆ ಇಟ್ಟರು. ಯಾವ ವಾರ್ಡಿನಿಂದ ಹೊರಟರೂ ಥಿಯೇಟರ್ ಹತ್ತಿರ. ಸ್ಟ್ರೆಚರ್ ತಳ್ಳಿದವರಿಗೆ ಇದರ ಬೆಲೆ ಗೊತ್ತು. ನಮ್ಮ ವಾರ್ಡಿನಿಂದ ಥಿಯೇಟರಿಗೆ ಎರಡು ಕಾರಿಡಾರು, ಒಂದು ಲಿಫ್ಟು. ಲಿಫ್ಟು ಕೆಟ್ಟ ದಿನ ನಾವು ಪಟ್ಟ ಪಾಡು ಹೇಳಿ ಮುಗಿಯುವುದಿಲ್ಲ.

ಮೊದಲಿಗೆ 320 ಹಾಸಿಗೆ. ಸುತ್ತಲಿನ ಇನ್ನಷ್ಟು ದೊಡ್ಡ ಮನೆಗಳನ್ನು ಸೇರಿಸಿಕೊಂಡ ಮೇಲೆ 1,000 ದಾಟಿತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಒಂದೊಂದು ದೇಶದ ಡಾಕ್ಟರುಗಳದ್ದೂ ಒಂದೊಂದು ವಿಭಾಗ. ಸರ್ಜನ್, ದಂತವೈದ್ಯ, ಅರಿವಳಿಕೆ ಡಾಕ್ಟರ್, ಚಿತ್ರ ಬರೆಯುವವರು, ಪ್ಲಾಸ್ಟರ್ ಅಚ್ಚು ತೆಗೆಯುವವರು, ಎಲ್ಲ ಒಂದೇ ಅಂಗಳದಲ್ಲಿ. 1925ರವರೆಗೆ ಇಲ್ಲಿ 5,000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಆಪರೇಷನ್ ಆದವು. ಅಂದರೆ ಒಬ್ಬೊಬ್ಬರಿಗೂ ಎರಡು, ಮೂರು, ಕೆಲವರಿಗೆ ಅದಕ್ಕಿಂತ ಬಹಳ ಜಾಸ್ತಿ. ಒಂದು ಆಪರೇಷನ್‌ಗೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ ಕಾಯುವುದು. ಆ ಕಾಯುವಿಕೆಗೆ ಈ ತೋಟ ಬೇಕಿತ್ತು.

ನನ್ನನ್ನು ಯಾವಾಗಲೂ ಸೆಳೆದದ್ದು ಇಲ್ಲಿನ ಚರ್ಮದ ಕೊಳವೆ. ವಿಲ್ಲಿ ವಿಕರೇಜ್ ಎಂಬ ನಾವಿಕ 1916ರ ಜಟ್ಲೆಂಡ್ ಸಮುದ್ರ ಯುದ್ಧದಲ್ಲಿ ಮದ್ದಿನ ಬೆಂಕಿಗೆ ಸಿಕ್ಕಿದ್ದ. ರೆಪ್ಪೆ, ಮೂಗು, ತುಟಿ ಎಲ್ಲ ಸುಟ್ಟುಹೋಗಿ ಕಣ್ಣು ಮುಚ್ಚಲೂ ಬರುತ್ತಿರಲಿಲ್ಲ. 1917ರ ಅಕ್ಟೋಬರಿನಲ್ಲಿ ಗಿಲ್ಲೀಸ್ ಅವನ ಎದೆಯ ಚರ್ಮವನ್ನು ಎಬ್ಬಿಸಿ ಮುಖಕ್ಕೆ ಹೊದಿಸಿದರು. ಎದೆಯಿಂದ ಮುಖದವರೆಗೆ ಉಳಿದ ಪಟ್ಟಿಯ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಯಾಗುವುದು ಕಂಡಿತು. ಹಾಗೇ ಸುತ್ತಿ ಹೊಲಿದರೆ ಹೇಗೆ ಎಂದು ಹೊಳೆಯಿತು. ಹೊಲಿದರು. ಚರ್ಮ ಕೊಳವೆಯಾಯಿತು. ಹಸಿ ಭಾಗ ಒಳಗೆ, ಚರ್ಮ ಹೊರಗೆ. ಪೆನಿಸಿಲಿನ್ ಇಲ್ಲದ ಕಾಲ ಅದು. ತೆರೆದ ಪಟ್ಟಿಗೆ ಕೀವು ಹಿಡಿದರೆ ತಿಂಗಳ ಶ್ರಮವೆಲ್ಲ ಮಣ್ಣುಪಾಲು. ಮುಚ್ಚಿದ ಕೊಳವೆಗೆ ಸೋಂಕು ತಗಲುವುದು ಕಡಿಮೆ, ರಕ್ತ ಓಡಾಡುವುದೂ ಚೆನ್ನಾಗಿ. ನಮ್ಮ ಕಡೆ ಮಾವಿಗೆ ಕಸಿ ಕಟ್ಟುವಾಗ ಕೊಂಬೆಯನ್ನು ತಾಯಿಮರದಿಂದ ಕಡಿಯದೆ ಬಾಗಿಸಿ ಸಸಿಗೆ ಬಿಗಿಯುತ್ತಾರೆ, ಎರಡೂ ಕೂಡಿಕೊಂಡ ಮೇಲೆಯೇ ಕತ್ತರಿಸುತ್ತಾರೆ. ಇದೂ ಹಾಗೆಯೇ. ಒಂದು ತುದಿ ಎದೆಯಲ್ಲಿ, ಇನ್ನೊಂದು ಮುಖದಲ್ಲಿ. ಮುಖದ ಕಡೆ ರಕ್ತನಾಳ ಕೂಡಿಕೊಂಡ ಮೇಲೆ ಎದೆಯ ಕಡೆ ಬಿಡಿಸುವುದು. ಅದೇ ಹೊತ್ತಿಗೆ ಒಡೆಸ್ಸಾದಲ್ಲಿ ಫಿಲಟೋವ್ ಎಂಬ ಕಣ್ಣಿನ ಡಾಕ್ಟರೂ ಇದನ್ನೇ ಕಂಡುಕೊಂಡಿದ್ದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಕೊಳವೆ ಇದ್ದ ರೋಗಿಯನ್ನು ನೋಡಿಕೊಳ್ಳುವುದು ಎಂಥ ಕೆಲಸ ಎನ್ನುವುದು ಪುಸ್ತಕದಲ್ಲಿ ಜಾಸ್ತಿ ಬರುವುದಿಲ್ಲ. ರಾತ್ರಿ ಹೊರಳಿದಾಗ ಕೊಳವೆ ಮಡಚಿಕೊಂಡರೆ ರಕ್ತ ನಿಂತಿತು. ಬಣ್ಣ ನೀಲಿಗೆ ತಿರುಗಿದರೆ ಡಾಕ್ಟರನ್ನು ಎಬ್ಬಿಸಬೇಕು. ಮುಟ್ಟಿ ಬೆಚ್ಚಗಿದೆಯಾ ನೋಡಬೇಕು. ಗಂಟೆಗೊಮ್ಮೆ ದೀಪ ಹಿಡಿದು ಇದನ್ನು ಮಾಡಿದವರು ನರ್ಸುಗಳು. ದವಡೆ ಇಲ್ಲದವರಿಗೆ ಊಟ ಅಂದರೆ ಹಾಲು, ಮೊಟ್ಟೆ, ಕೊಕ್ಕಿನ ಬಟ್ಟಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಸ್ವಲ್ಪ ಸ್ವಲ್ಪ ಕುಡಿಸುವುದು. ದವಡೆ ಒಡೆದವನನ್ನು ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ಯುದ್ಧಭೂಮಿಯಲ್ಲಿ ಹಾಗೆ ಮಲಗಿಸಿದ್ದಕ್ಕೇ ಸತ್ತವರಿದ್ದಾರೆ. ಮುಂದೆ ಇಲ್ಲಿ ದಂತವೈದ್ಯರಾದ ಕೆಲ್ಸಿ ಫ್ರೈ ಅದನ್ನು ಕಣ್ಣಾರೆ ಕಂಡು, ಅಂಥವರನ್ನು ಮುಂದಕ್ಕೆ ಬಾಗಿಸಿ ಕೂರಿಸಬೇಕು ಎಂದು ಹೇಳಿಕೊಟ್ಟರು.

ಅರಿವಳಿಕೆಯದ್ದೂ ಇಲ್ಲಿಯದೇ ಕಥೆ. ಮುಖದ ಮೇಲೆಯೇ ಆಪರೇಷನ್ ಮಾಡಬೇಕಾದಾಗ ಮುಖಕ್ಕೆ ಮಾಸ್ಕ್ ಇಡುವುದು ಹೇಗೆ? 1919ರಲ್ಲಿ ಇಲ್ಲಿಗೆ ಬಂದ ಐವನ್ ಮ್ಯಾಗಿಲ್, ಸ್ಟ್ಯಾನ್ಲಿ ರೌಬಾಟಮ್ ಇಬ್ಬರೂ ಸೇರಿ ಶ್ವಾಸನಾಳಕ್ಕೇ ರಬ್ಬರ್ ಟ್ಯೂಬು ಇಳಿಸುವುದನ್ನು ಪಳಗಿಸಿದರು. ಟ್ಯೂಬನ್ನು ಬಾಯೊಳಗೆ ದಾರಿ ಹಿಡಿಸಲು ಮ್ಯಾಗಿಲ್ ಮಾಡಿದ ಬಾಗಿದ ಇಕ್ಕಳ ಇವತ್ತಿಗೂ ಎಮರ್ಜೆನ್ಸಿ ಟ್ರೇಯಲ್ಲಿ ಇರುತ್ತದೆ. "ಸಿಸ್ಟರ್, ಮ್ಯಾಗಿಲ್ಸ್" ಎಂದು ಕೈ ಚಾಚಿದ ಡಾಕ್ಟರಿಗೆ ನಾನು ಅದನ್ನು ಎಷ್ಟು ಸಲ ಕೊಟ್ಟಿದ್ದೇನೋ. ಅದು ಈ ರಸ್ತೆಯ ಆಚೆಯ ತೋಟದಿಂದ ಬಂದದ್ದು ಎಂದು ಮಗಳಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ವಾರ್ಡಿನಲ್ಲಿ ಕನ್ನಡಿ ಇಡುತ್ತಿರಲಿಲ್ಲ. ನಮ್ಮಲ್ಲೂ ಇರಲಿಲ್ಲ. ಆದರೆ ಮುಖ ನೋಡಿಕೊಳ್ಳಬೇಕು ಅನ್ನುವವರನ್ನು ತಡೆಯಲು ಆಗುವುದಿಲ್ಲ. ನಮ್ಮ ವಾರ್ಡಿನ ಹೆಣ್ಣುಮಕ್ಕಳು ಊಟದ ಸ್ಟೀಲ್ ತಟ್ಟೆಯನ್ನು ಸೆರಗಿನಿಂದ ಉಜ್ಜಿ ನೋಡಿಕೊಳ್ಳುತ್ತಿದ್ದರು. ಸೀಮೆಎಣ್ಣೆ ಸ್ಟವ್ ಸಿಡಿದು ಬಂದವರು, ಇನ್ನೂ ಹೇಳಬಾರದ ಕಾರಣಗಳಿಗೆ ಬಂದವರು. ತಟ್ಟೆಯಲ್ಲಿ ಮೊದಲ ಸಲ ನೋಡಿಕೊಂಡ ದಿನ ಯಾರೂ ಊಟ ಮಾಡುತ್ತಿರಲಿಲ್ಲ. ಆ ದಿನ ಪಕ್ಕದಲ್ಲಿ ಯಾರಾದರೂ ಕೂತಿರಬೇಕು, ಅಷ್ಟೇ.

ಫ್ರಾಗ್ನಲ್‌ನ ತೋಟ ಒಂದು ರೀತಿಯಲ್ಲಿ ಒಳ್ಳೆಯದೇ ಮಾಡಿತು. ಗೋಡೆಯ ಒಳಗೆ ಎಲ್ಲರದ್ದೂ ಅದೇ ಸ್ಥಿತಿ. ಅಲ್ಲಿ ಆಟಿಕೆ ಮಾಡುವ ಕೆಲಸ ಕಲಿಸಿದರು. ಮೊದಲ ತಿಂಗಳುಗಳಲ್ಲಿ ಇಂಥ ಮರೆ ಬೇಕೇ ಬೇಕು. ಕಷ್ಟ ಬರುವುದು ಗೇಟು ದಾಟಿದ ಮೇಲೆ. ಮುಖ ತೀರಾ ವಿರೂಪವಾದವರಿಗೆ ಆಗಿನ ಸರ್ಕಾರ ಎರಡು ಕೈಕಾಲು ಕಳೆದುಕೊಂಡವರಿಗೆ ಕೊಡುವಷ್ಟೇ, ಅಂದರೆ ಪೂರ್ತಿ ಪಿಂಚಣಿ ಕೊಟ್ಟಿತು. ಕೈಕಾಲು ಗಟ್ಟಿಯಾಗಿರುವ ಆಳಿಗೆ ಪೂರ್ತಿ ಪಿಂಚಣಿ ಅಂದರೆ ಏನರ್ಥ? ಇವನಿಗೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ನೀಲಿ ಬೆಂಚೂ ನನಗೆ ಹಾಗೇ ಕಾಣುತ್ತದೆ. ಊರಿನವರಿಗೆ ಗಾಬರಿಯಾಗದಿರಲಿ ಎಂದು ಮಾಡಿದ್ದು, ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ ಅದರಲ್ಲಿ ಕೂತವನಿಗೆ ಹೇಗನ್ನಿಸಿರಬೇಡ! ಗಾಳಿಗೆ ಹೊರಗೆ ಬಂದವನು ಬಣ್ಣ ಹಚ್ಚಿದ ಜಾಗದಲ್ಲೇ ಕೂರಬೇಕು.

ಮಧ್ಯಾಹ್ನ ಕ್ವೀನ್ ಮೇರಿ ಆಸ್ಪತ್ರೆಯ ಒಳಗೆ ಹೋಗಿ ಟೀ ಕುಡಿದೆವು. 1930ರಲ್ಲಿ ಹಳೆಯ ಆಸ್ಪತ್ರೆ ಲಂಡನ್ ಕೌಂಟಿ ಕೌನ್ಸಿಲ್ ಕೈಗೆ ಬಂದು ಹೆಸರು ಬದಲಾಯಿತು, ಈಗಿನ ಕಟ್ಟಡ 1974ರದ್ದು. ಟೋಕನ್ ಹಿಡಿದು ಕೂತ ಜನ, ಅಳುವ ಮಗು, ಔಷಧಿ ಚೀಟಿ. ಹಿಂದಕ್ಕೆ ಬಸ್ಸಿನಲ್ಲೇ ಬಂದೆವು.

ಶನಿವಾರ, ಚಿಸಲ್‌ಹರ್ಸ್ಟ್

ಇವತ್ತು ಮಗಳೇ ಎಬ್ಬಿಸಿದಳು. "ಅಮ್ಮ, ಆ ಮನೆಯವರು ಮೊದಲು ಯಾರು ಅಂತ ನೋಡಿದೆ. ನಡಿ, ಅವರ ಸಮಾಧಿ ಹತ್ತಿರದಲ್ಲೇ ಇದೆ."

ಮೊದಲು ಸ್ಕಾಡ್‌ಬರಿ ಪಾರ್ಕಿಗೆ ಹೋದೆವು. ಇದೂ ಫ್ರಾಗ್ನಲ್ ಮನೆತನದ್ದೇ ಜಮೀನಾಗಿತ್ತು. ಓಕ್ ಮರಗಳ ಕಾಡು, ಬೇಲಿಯಲ್ಲಿ ಕಪ್ಪು ಹಣ್ಣು. ನಡುವೆ ನೀರಿನ ಕಂದಕ, ಅದರೊಳಗೆ ಇನ್ನೂ ಹಳೆಯ ಜಮೀನ್ದಾರಿ ಮನೆಯೊಂದರ ಇಟ್ಟಿಗೆ ಗೋಡೆಯ ಅವಶೇಷ. ಒಂದು ಮನೆ ಆಸ್ಪತ್ರೆಯಾಗಿ ಉಳಿಯಿತು, ಇದು ಪಾಳುಬಿತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚಿಸಲ್‌ಹರ್ಸ್ಟ್‌ನ ಸೇಂಟ್ ನಿಕೋಲಸ್ ಚರ್ಚಿನಲ್ಲಿ ಥಾಮಸ್ ಟೌನ್‌ಶೆಂಡ್ ಇದ್ದಾರೆ. ಫ್ರಾಗ್ನಲ್‌ನಲ್ಲಿ ಬದುಕಿ 1800ರಲ್ಲಿ ತೀರಿಕೊಂಡವರು. ಲಾರ್ಡ್ ಸಿಡ್ನಿ ಎಂದರೆ ಬೇಗ ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ಸಿಡ್ನಿಗೆ 1788ರಲ್ಲಿ ಇಟ್ಟದ್ದು ಇವರ ಹೆಸರನ್ನೇ. ಆಗ ಇವರು ಬ್ರಿಟನ್ನಿನ ಗೃಹಮಂತ್ರಿ. ನನಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು 1784ರಲ್ಲಿ ಬ್ರಿಟಿಷ್ ಸರ್ಕಾರ ಬೋರ್ಡ್ ಆಫ್ ಕಂಟ್ರೋಲ್ ಮಾಡಿತಲ್ಲ, ಅದರ ಮೊದಲ ಅಧ್ಯಕ್ಷರು ಇವರು. 1790ರವರೆಗೂ ಇದ್ದರು. ಅದೇ ವರ್ಷ ಟಿಪ್ಪು ಸುಲ್ತಾನನ ಮೇಲೆ ಕಂಪನಿಯ ಮೂರನೇ ಮೈಸೂರು ಯುದ್ಧ ನಡೆಯುತ್ತಿತ್ತು. ಆ ಯುದ್ಧದಲ್ಲೇ ಕಾವಸ್‌ಜಿಯ ಮೂಗು ಹೋದದ್ದು.

ಮಗಳಿಗೆ ಕಾವಸ್‌ಜಿ ಯಾರೆಂದು ಗೊತ್ತಿರಲಿಲ್ಲ. ಚರ್ಚಿನ ಹೊರಗೆ ಬೆಂಚಿನಲ್ಲಿ ಕೂತು ಹೇಳಿದೆ.

ಕಾವಸ್‌ಜಿ ಮರಾಠಾ ರೈತಾಪಿ ಮನುಷ್ಯ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ ಎಂದು ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಬರೆಯಿತು. ಆಮೇಲೆ ಆತ ಶ್ರೀರಂಗಪಟ್ಟಣದ ಹತ್ತಿರವಿದ್ದ ಬಾಂಬೆ ಸೈನ್ಯವನ್ನು ಸೇರಿಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆಯೇ ಇದ್ದ. ಕೊನೆಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಇಬ್ಬರು ಇಂಗ್ಲಿಷ್ ವೈದ್ಯರು ಪಕ್ಕದಲ್ಲಿ ನಿಂತು ನೋಡಿದರು.

ಮಾಡಿದ ಕ್ರಮ ಹೀಗೆ. ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು ಮಾಡಿದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಆ ಗೆರೆಯ ಮೇಲೆ ಚರ್ಮ ಬಿಡಿಸಿದ, ಎರಡು ಹುಬ್ಬಿನ ನಡುವೆ ಮಾತ್ರ ಒಂದು ಸಣ್ಣ ಪಟ್ಟಿ ಕಡಿಯದೆ ಬಿಟ್ಟ. ಚರ್ಮಕ್ಕೆ ರಕ್ತ ಬರುವುದು ಆ ಪಟ್ಟಿಯಿಂದಲೇ. ಆಮೇಲೆ ಅದನ್ನು ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಅಂಟಿಸಲು ಹೊಲಿಗೆ ಇಲ್ಲ, ನೀರಲ್ಲಿ ನೆನೆಸಿದ ಕಾಚು ಬಳಿದ ಬಟ್ಟೆಯ ಪಟ್ಟಿಗಳು, ಒಂದರ ಮೇಲೊಂದು. ನಾಲ್ಕು ದಿನ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಇಪ್ಪತ್ತೈದು ದಿನದ ಹೊತ್ತಿಗೆ ಹುಬ್ಬಿನ ನಡುವಿನ ಪಟ್ಟಿ ಕತ್ತರಿಸಿ ಮೂಗನ್ನು ಸರಿ ಮಾಡಿದ.

ಆ ಲೇಖನ ಓದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಹೆಣಗಳ ಮೇಲೆ ಬಹಳ ವರ್ಷ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಒಬ್ಬ ಸೇನಾಧಿಕಾರಿಗೆ ಅದೇ ರೀತಿ ಮೂಗು ಕಟ್ಟಿದರು. ಅಲ್ಲಿಂದ ಯುರೋಪಿನಲ್ಲಿ ಹಣೆಯ ಚರ್ಮದಿಂದ ಮೂಗು ಕಟ್ಟುವುದಕ್ಕೆ ಭಾರತೀಯ ವಿಧಾನ ಎಂದೇ ಹೆಸರಾಯಿತು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವುದು ಇದೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಸರಿ, ಹೇಳಬೇಕಾದದ್ದೇ. ಆದರೆ ಪುಣೆಯ ಆ ಮನುಷ್ಯನ ಹೆಸರನ್ನು ಯಾರೂ ಬರೆದಿಡಲಿಲ್ಲ. ಪತ್ರಿಕೆಗೆ ಅವನ ಜಾತಿ ಸಾಕಾಯಿತು. ನನಗೆ ಅದು ಇವತ್ತಿಗೂ ನೋವಿನ ಸಂಗತಿ.

ಗಿಲ್ಲೀಸ್ ಕೂಡ ಮೂಗು ಕಟ್ಟಲು ಹಣೆಯ ಚರ್ಮವನ್ನು ಬಳಸಿದರು. ಶ್ರೀರಂಗಪಟ್ಟಣದ ಯುದ್ಧದಲ್ಲಿ ಹೋದ ಒಂದು ಮೂಗಿನಿಂದ ಶುರುವಾದ ದಾರಿ, ಆ ಯುದ್ಧಕ್ಕೆ ಸ್ವಲ್ಪ ಮುಂಚೆ ತನಕ ಕಂಪನಿಯ ಉಸ್ತುವಾರಿ ನೋಡುತ್ತಿದ್ದವರ ಮನೆಯ ತೋಟಕ್ಕೇ ಬಂದು ಸೇರಿದೆ. ಯಾರೂ ಹೀಗಾಗಲಿ ಎಂದು ಮಾಡಿದ್ದಲ್ಲ. ಆದರೂ ಮೈಸೂರು ಸೀಮೆಯಿಂದ ಹೋದ ನನಗೆ ಅದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗಲು ಆಗಲಿಲ್ಲ.

ಭಾನುವಾರ, ಈಸ್ಟ್ ಗ್ರಿನ್‌ಸ್ಟೆಡ್

ಗಿಲ್ಲೀಸ್‌ಗೆ 1930ರಲ್ಲಿ ಸರ್ ಪದವಿ ಬಂತು. ಎರಡನೇ ಮಹಾಯುದ್ಧದಲ್ಲಿ ಅವರು ಬೇಸಿಂಗ್‌ಸ್ಟೋಕ್ ಹತ್ತಿರ ರೂಕ್ಸ್‌ಡೌನ್ ಹೌಸ್‌ನಲ್ಲಿ ಮತ್ತೆ ಇದೇ ಕೆಲಸ ಮಾಡಿದರು. ಅವರ ಸಂಬಂಧಿ, ಡನೀಡಿನ್‌ನವರೇ ಆದ ಸರ್ಜನ್ ಆರ್ಚಿಬಾಲ್ಡ್ ಮೆಕಿಂಡೋ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಬಂದರು. ಲಂಡನ್ನಿನಿಂದ ಒಂದು ಗಂಟೆಯ ರೈಲು. ಹಳೆಯ ಮರದ ಚೌಕಟ್ಟಿನ ಮನೆಗಳಿರುವ ಚೆಂದದ ಊರು.

ಇಲ್ಲಿಗೆ ಬಂದವರು ಹೆಚ್ಚಾಗಿ ವಿಮಾನದ ಪೆಟ್ರೋಲ್ ಬೆಂಕಿಯಲ್ಲಿ ಮುಖ, ಕೈ ಸುಟ್ಟುಕೊಂಡ ಹುಡುಗರು. ಸುಟ್ಟಗಾಯಕ್ಕೆ ಟ್ಯಾನಿಕ್ ಆಸಿಡ್ ಹಚ್ಚಿ ಗಟ್ಟಿ ಹಕ್ಕಳೆ ಕಟ್ಟಿಸುವುದು ಆಗಿನ ರೂಢಿ. ಬೆರಳೆಲ್ಲ ಸೆಟೆದು ಕೊಕ್ಕೆಯಾಗುತ್ತಿದ್ದವು. ಮೆಕಿಂಡೋ ಅದನ್ನು ನಿಲ್ಲಿಸಿದರು. ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಗಾಯ ಚೆನ್ನಾಗಿ ವಾಸಿಯಾಗುವುದನ್ನು ನೋಡಿ ಉಪ್ಪುನೀರಿನ ಸ್ನಾನ ತಂದರು. ನಾವು ಸಲೈನ್ ಹಾಕಿ ಅಂಟಿದ ಗಾಜ್ ಬಟ್ಟೆಯನ್ನು ಮೆತ್ತಗೆ ಬಿಡಿಸುವಾಗ ಇದನ್ನೆಲ್ಲ ನೆನೆಯುತ್ತಿರಲಿಲ್ಲ, ಕೈ ತಾನಾಗಿ ಮಾಡುತ್ತಿತ್ತು.

ಆದರೆ ನಾನು ನೋಡಲು ಬಂದದ್ದು ಆಸ್ಪತ್ರೆಯನ್ನಲ್ಲ, ಊರನ್ನು. ಮೆಕಿಂಡೋ ಊರಿನ ಜನರ ಹತ್ತಿರ ಹೋಗಿ ಮಾತಾಡಿದರು. ಈ ಹುಡುಗರನ್ನು ಮನೆಗೆ ಕರೆಯಿರಿ, ಅಂಗಡಿಯಲ್ಲಿ, ಪಬ್ಬಿನಲ್ಲಿ ಎಲ್ಲರ ಹಾಗೆ ನೋಡಿ ಎಂದು ಕೇಳಿಕೊಂಡರು. ಜನ ಕೇಳಿದರು. ಈಸ್ಟ್ ಗ್ರಿನ್‌ಸ್ಟೆಡ್‌ಗೆ ದಿಟ್ಟಿಸಿ ನೋಡದ ಊರು ಎಂಬ ಹೆಸರು ಬಂತು. ಸಿಡ್‌ಕಪ್‌ನ ನೀಲಿ ಬಟ್ಟೆಯನ್ನು ಇಲ್ಲಿ ಹಾಕಿಸಲಿಲ್ಲ. ಅವರವರ ವಾಯುಪಡೆಯ ಸಮವಸ್ತ್ರದಲ್ಲೇ ಓಡಾಡಿದರು. 1941ರಲ್ಲಿ ರೋಗಿಗಳೇ ಸೇರಿ ಗಿನಿಪಿಗ್ ಕ್ಲಬ್ ಕಟ್ಟಿಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ 649 ಜನ ಸದಸ್ಯರು.

ಹೈ ಸ್ಟ್ರೀಟಿನಲ್ಲಿ ಮೆಕಿಂಡೋ ಪ್ರತಿಮೆ ಇದೆ, 2014ರಲ್ಲಿ ನಿಲ್ಲಿಸಿದ್ದು. ಸುಟ್ಟ ಕೈಗಳ ಪೈಲಟ್ ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿದ್ದಾನೆ. ಡಾಕ್ಟರು ಹಿಂದೆ ನಿಂತು ಅವನ ಹೆಗಲ ಮೇಲೆ ಎರಡೂ ಕೈ ಇಟ್ಟಿದ್ದಾರೆ. ಪ್ರತಿಮೆ ಮಾಡಿದ ಮಾರ್ಟಿನ್ ಜೆನ್ನಿಂಗ್ಸ್ ಅವರ ತಂದೆಯೂ ಮೆಕಿಂಡೋ ಅವರ ರೋಗಿಯಾಗಿದ್ದವರು. ಪೈಲಟ್‌ನ ಬೆರಳುಗಳನ್ನು ನೋಡಿದೆ. ಮಡಚಿದ ರೀತಿ ತುಂಬ ಸರಿಯಾಗಿದೆ.

ನಮ್ಮ ವಾರ್ಡಿನಲ್ಲಿದ್ದ ಒಬ್ಬಳು ಹುಡುಗಿ ಈಗ ಬೆಂಗಳೂರಿನಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಡಿಸ್ಚಾರ್ಜ್ ಆದ ಮೇಲೆ ಎಷ್ಟೋ ಕಾಲ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಕೂತು, ವೇಲಿನಿಂದ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದವಳು. ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಾರೆ ಸಿಸ್ಟರ್ ಎಂದು ಅತ್ತಿದ್ದಳು. ಅವಳಿಗೆ ಪ್ರತಿಮೆಯ ಫೋಟೋ ಕಳಿಸಿ, ಈ ಊರಿನ ವಿಷಯ ನಾಲ್ಕು ಸಾಲು ಬರೆದೆ. ರೈಲು ಹತ್ತುವಷ್ಟರಲ್ಲಿ ವಾಯ್ಸ್ ಮೆಸೇಜ್ ಬಂತು. "ಆಮೇಲೆ ಅವರಿಗೆಲ್ಲ ಕೆಲಸ ಸಿಕ್ತಾ ಸಿಸ್ಟರ್? ಮದುವೆ ಗಿದುವೆ ಆಯ್ತಾ?"

ಅವಳಿಗೆ ಟೈಪ್ ಮಾಡಿದೆ. ಆಸ್ಪತ್ರೆಯಲ್ಲಿ ಮೂರು ತಿಂಗಳು ದಾಟಿದವರನ್ನು ಸೈನ್ಯದ ಕೆಲಸದಿಂದ ತೆಗೆಯುವ ನಿಯಮವಿತ್ತು. ಮೆಕಿಂಡೋ ಜಗಳವಾಡಿ ಅದನ್ನು ಬದಲಾಯಿಸಿದರು, ಹಾಗಾಗಿ ವಾಸಿಯಾಗುವ ತನಕ ಸಂಬಳ ನಿಲ್ಲಲಿಲ್ಲ. ಹಲವರು ಮತ್ತೆ ವಿಮಾನ ಹಾರಿಸಿದರು. ಮದುವೆಗಳಾದವು, ಕೆಲವರು ತಮ್ಮನ್ನು ನೋಡಿಕೊಂಡ ನರ್ಸುಗಳನ್ನೇ ಮದುವೆಯಾದರು. ಕ್ಲಬ್ಬಿನವರು ಯುದ್ಧ ಮುಗಿದು ಅರವತ್ತು ವರ್ಷವಾದರೂ ವರ್ಷಕ್ಕೊಮ್ಮೆ ಇದೇ ಊರಿಗೆ ಬಂದು ಒಟ್ಟಿಗೆ ಊಟ ಮಾಡುತ್ತಿದ್ದರು.

"ಹಂಗಾದ್ರೆ ನಾವೂ ಒಂದ್ಸಲ ಎಲ್ರೂ ಸೇರೋಣ ಸಿಸ್ಟರ್" ಎಂದು ಬಂತು ಉತ್ತರ. "ನೀವು ಬಂದ್ಮೇಲೆ. ನಮ್ಮ ವಾರ್ಡಿನೋರು ಮೂರ್ನಾಕು ಜನದ ನಂಬರ್ ನನ್ ಹತ್ರ ಐತೆ." ನನ್ನ ಹತ್ತಿರ ಇನ್ನೂ ಏಳು ಇವೆ. ಬೆಂಗಳೂರಿಗೆ ಇಳಿದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಎಂದು ಬರೆದು ಕಳಿಸಿದೆ.